ಹೊಗೆಗೆ ಕಾವಲು ಹಾಕಿದ ವಾಲ್ಟರ್ ಕಾಡೆನ್

ನಾವು ಮೂರು ಜನ ಎರಡನೇ ವರ್ಷದ ಮೆಕ್ಯಾನಿಕಲ್ ಹುಡುಗರು. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂನಲ್ಲೇ ಓದಿದ್ದು, ಕನ್ನಡ ಸೆಕೆಂಡ್ ಲ್ಯಾಂಗ್ವೇಜ್. ಹಾಗಾಗಿ ಬರವಣಿಗೆಯಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಕನ್ನಡ ಸಂಘದವರು ಈ ಸಲ ಒಬ್ಬ ಎಂಜಿನಿಯರ್ ಜೀವನದ ಬಗ್ಗೆ ಬರೆದುಕೊಡಿ ಅಂದಾಗ, ಸರ್ ಎಂ.ವಿ. ಬಗ್ಗೆ ಬರೆಯುವವರು ಹೇಗೂ ನಾಲ್ಕು ಜನ ಇರ್ತಾರೆ ಅಂತ ನಮಗೆ ಗೊತ್ತಿತ್ತು. ಅದಕ್ಕೇ ನಾವು ವಾಲ್ಟರ್ ಕಾಡೆನ್ ಅವರನ್ನು ಆರಿಸಿಕೊಂಡೆವು. ಬೈಕ್ ರೇಸಿಂಗ್ ಚರಿತ್ರೆ ಗೊತ್ತಿರುವವರಿಗೆ ಇವರು ದೊಡ್ಡ ಹೆಸರು. ನಮಗೆ ಮಾತ್ರ ಮೊನ್ನೆ ಮೊನ್ನೆವರೆಗೂ ಇವರು ಯಾರು ಅಂತಲೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ಶ್ರೀಗಂಧದ ಕಾವಲ್‌ನ ಒಂದು ಸಣ್ಣ ಗ್ಯಾರೇಜಿನಲ್ಲಿ, ಕೈಗೆ ಮಸಿ ಆದಮೇಲೆ.

ಮಾಗಡಿ ರೋಡ್ ಕಡೆಯಿಂದ ಒಳಗೆ ಬಂದರೆ ಶ್ರೀಗಂಧದ ಕಾವಲ್‌ನಲ್ಲಿ ಈಗ ಗಂಧದ ವಾಸನೆ ಇಲ್ಲ, ಮನೆಗಳ ನಡುವೆ ಲೇತ್ ಶಬ್ದ ಇದೆ. ನಾವು ರಜೆಯಲ್ಲಿ ಹೋಗುತ್ತಿದ್ದ ಗ್ಯಾರೇಜಿನ ಅಣ್ಣನಿಗೆ ಹಳೇ ಟೂ-ಸ್ಟ್ರೋಕ್ ಗಾಡಿ ಅಂದ್ರೆ ಪ್ರಾಣ. ಆರ್‌ಎಕ್ಸ್ 100, ಯೆಜ್ಡಿ, ಶೋಗನ್, ಏನು ತಂದರೂ ಬಿಚ್ಚುತ್ತಾರೆ. ಈ ಸಲ ಅವರ ಹತ್ತಿರ ಬಂದಿದ್ದು ಬೈಕ್ ಅಲ್ಲ. ಕರಾವಳಿಯಲ್ಲಿ ಟೂರಿಸ್ಟ್‌ಗಳಿಗೆ ಓಡಿಸುತ್ತಿದ್ದ ಹಳೇ ಜೆಟ್ ಸ್ಕೀಯ ಎಂಜಿನ್, ಎರಡು ಸಿಲಿಂಡರಿನ ರೋಟ್ಯಾಕ್ಸ್ ಟೂ-ಸ್ಟ್ರೋಕ್. ಪಿಸ್ಟನ್ ಸೀಜ್ ಆಗಿತ್ತು. ರೀಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್ ಹಾಕಿ ಮತ್ತೆ ಕಟ್ಟಬೇಕಿತ್ತು.

ಅದರಲ್ಲಿ ಒಂದು ವಿಚಿತ್ರ ಕಂಡಿತು. ಟೂ-ಸ್ಟ್ರೋಕ್‌ಗೆ ವಾಲ್ವ್ ಇರಲ್ಲ ಅಂತ ನಾವು ಪಿಯುಸಿಯಿಂದ ಓದಿಕೊಂಡು ಬಂದಿದ್ದೀವಿ. ಆದರೆ ಈ ಎಂಜಿನ್ನಿನ ಎಕ್ಸಾಸ್ಟ್ ಪೋರ್ಟ್ ಮೇಲೆ ಚಪ್ಪಟೆ ಬ್ಲೇಡ್ ಥರದ ಒಂದು ವಾಲ್ವ್ ಇತ್ತು. ಎಂಜಿನ್ ನಿಧಾನವಾಗಿ ತಿರುಗುವಾಗ ಆ ಬ್ಲೇಡ್ ಕೆಳಗೆ ಇಳಿದು ಪೋರ್ಟಿನ ಮೇಲ್ಭಾಗವನ್ನು ಮುಚ್ಚುತ್ತದೆ. ಸ್ಪೀಡ್ ಏರಿದಾಗ ಹೊಗೆಯ ಒತ್ತಡವೇ ಒಂದು ರಬ್ಬರ್ ಪೊರೆಯನ್ನು ತಳ್ಳಿ, ಸ್ಪ್ರಿಂಗನ್ನು ಒತ್ತಿ, ಬ್ಲೇಡನ್ನು ಮೇಲೆತ್ತುತ್ತದೆ. ಇದಕ್ಕೆ ರೇವ್ ವಾಲ್ವ್ ಅಂತ ಹೆಸರು. ಯಮಹಾದವರ ಇಂಥದೇ ಏರ್ಪಾಟಿಗೆ ವೈಪಿವಿಎಸ್ ಅಂತಾರೆ.

ನಾವು ಖುಷಿಯಿಂದ ವಾಲ್ವ್ ಕ್ಲೀನ್ ಮಾಡಿ, ಕಾರ್ಬನ್ ಕೆರೆದು, ಇನ್ನೇನು ಹೊಸ ಪಿಸ್ಟನ್ ಮೇಲೆ ಸಿಲಿಂಡರ್ ಕೂರಿಸಬೇಕು, ಅಣ್ಣ ತಡೆದರು. ಬ್ಲೇಡಿನ ಗ್ಯಾಪ್ ನೋಡಿದ್ರಾ ಅಂತ ಕೇಳಿದರು. ನೋಡಿರಲಿಲ್ಲ. ಲೆಕ್ಕ ಬಹಳ ಸುಲಭ. ಬೋರ್ ವ್ಯಾಸ 0.5 ಮಿ.ಮೀ. ಹೆಚ್ಚಾದರೆ ಸಿಲಿಂಡರಿನ ಗೋಡೆ ಪ್ರತಿ ಕಡೆಯೂ 0.25 ಮಿ.ಮೀ. ಹಿಂದಕ್ಕೆ ಸರಿಯುತ್ತದೆ. ಬ್ಲೇಡ್ ಮಾತ್ರ ಇದ್ದಲ್ಲೇ ಇರುತ್ತದೆ. ಅಂದ್ರೆ ಅದರ ತುದಿ ಪಿಸ್ಟನ್ನಿಗೆ 0.25 ಮಿ.ಮೀ. ಹತ್ತಿರ ಆಯಿತು. ಮ್ಯಾನ್ಯುವಲ್‌ನಲ್ಲಿ ಹೇಳಿದಷ್ಟು ಗ್ಯಾಪ್ ಉಳಿಯದಿದ್ದರೆ, ಬಿಸಿಗೆ ಹಿಗ್ಗಿದಾಗ ಅಥವಾ ಒಂಚೂರು ಕಾರ್ಬನ್ ಕೂತಾಗ ಬ್ಲೇಡ್ ಹೋಗಿ ಪಿಸ್ಟನ್ನಿಗೋ ರಿಂಗಿಗೋ ತಾಗುತ್ತದೆ. ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಸಲ ತಾಗಿದರೂ ಸಾಕು, ಕಥೆ ಮುಗೀತು. ಹಾಗಂತ ಭಯಕ್ಕೆ ಜಾಸ್ತಿ ಉಜ್ಜಿ ಗ್ಯಾಪ್ ದೊಡ್ಡದು ಮಾಡಿದರೆ ಹೊಗೆ ಆ ಸಂದಿಯಲ್ಲೇ ನುಸುಳುತ್ತದೆ, ವಾಲ್ವ್ ಇದ್ದೂ ಇಲ್ಲದ ಹಾಗೆ.

ಅಣ್ಣ ತೋರಿಸಿದ ಕ್ರಮ ಇದು. ಸಿಲಿಂಡರನ್ನು ಮೇಜಿನ ಮೇಲೆ ಇಟ್ಟು, ವಾಲ್ವನ್ನು ಪೂರ್ತಿ ಕೆಳಗೆ ಇಳಿಸಿ, ಬ್ಲೇಡಿನ ತುದಿಗೂ ಬೋರಿನ ಗೋಡೆಗೂ ಎಷ್ಟು ಅಂತರ ಅಂತ ಫೀಲರ್ ಗೇಜಿನಲ್ಲಿ ಅಳೆಯಬೇಕು. ತುದಿಯ ಮಧ್ಯದಲ್ಲಿ ಒಮ್ಮೆ, ಎರಡು ಮೂಲೆಗಳಲ್ಲಿ ಒಮ್ಮೊಮ್ಮೆ. ಕಡಿಮೆ ಬಂದರೆ ಬ್ಲೇಡ್ ತೆಗೆದು, ಬೋರಿನ ಬಾಗು ಹೇಗಿದೆಯೋ ಅದೇ ಬಾಗಿಗೆ ಸಣ್ಣ ಅರದಲ್ಲಿ ಉಜ್ಜಬೇಕು. ಚೂಪು ಉಳಿಯದ ಹಾಗೆ ಅಂಚು ಸವರಬೇಕು. ಮತ್ತೆ ಹಾಕಿ, ಮತ್ತೆ ಅಳೆಯಬೇಕು. ಕೊನೆಗೆ ರಿಂಗ್ ಸಮೇತ ಪಿಸ್ಟನ್ ಇಟ್ಟು ಕೈಯಲ್ಲೇ ಮೇಲೆ ಕೆಳಗೆ ಓಡಿಸಿ, ಎಲ್ಲೂ ತಾಗಲ್ಲ ಅಂತ ಬೆರಳಿಗೆ ಗೊತ್ತಾಗಬೇಕು. ನಮಗೆ ಎರಡು ಸಿಲಿಂಡರಿಗೆ ಮೂರು ಸಂಜೆ ಹಿಡಿಯಿತು. ಅಳತೆಯೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆವು. ಆ ನೋಟ್‌ಬುಕ್ಕಿನ ವಿಷಯ ಆಮೇಲೆ ಹೇಳ್ತೀವಿ.

ಇಷ್ಟೆಲ್ಲ ಒದ್ದಾಟ ಯಾಕೆ, ಪೋರ್ಟಿಗೆ ಒಂದು ಬಾಗಿಲು ಯಾಕೆ ಬೇಕಾಯಿತು ಅಂತ ಹುಡುಕುತ್ತಾ ಹೋದಾಗ ಸಿಕ್ಕವರೇ ಕಾಡೆನ್. ತಮಾಷೆ ಏನಂದ್ರೆ ಈ ಬ್ಲೇಡ್ ವಾಲ್ವ್ ಮಾಡಿದವರು ಅವರಲ್ಲ. ಅವರು ಮಾಡಿದ್ದು ಅದಕ್ಕಿಂತ ಮುಂಚಿನ ಕೆಲಸ, ಲೋಹವೇ ಇಲ್ಲದ ಒಂದು ಬಾಗಿಲು.

ಕಾರ್ಖಾನೆ ಊರಿನ ಹುಡುಗ

ವಾಲ್ಟರ್ ಕಾಡೆನ್ ಹುಟ್ಟಿದ್ದು 1919ರ ಸೆಪ್ಟೆಂಬರ್ 1ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಪೋಬರ್‌ಶೌ ಎಂಬ ಊರಿನಲ್ಲಿ. ಜೆಕ್ ಗಡಿಗೆ ಹತ್ತಿರದ ಬೆಟ್ಟದ ಸೀಮೆ ಅದು. ಅಲ್ಲೇ ಸಮೀಪದಲ್ಲಿ ಚೋಪಾವ್ ಎಂಬ ಪಟ್ಟಣ, ಅಲ್ಲಿ ಡಿಕೆಡಬ್ಲ್ಯು ಕಾರ್ಖಾನೆ. 1920ರ ದಶಕ ಮುಗಿಯುವಷ್ಟರಲ್ಲಿ ಡಿಕೆಡಬ್ಲ್ಯು ಜಗತ್ತಿನಲ್ಲೇ ಅತಿ ಹೆಚ್ಚು ಮೋಟಾರ್‌ಸೈಕಲ್ ಮಾಡುವ ಕಂಪನಿ ಆಗಿತ್ತು. ಅವರು ಮಾಡುತ್ತಿದ್ದದ್ದು ಟೂ-ಸ್ಟ್ರೋಕ್ ಗಾಡಿಗಳು.

ಕಾಡೆನ್ ಅವರ ತಂದೆ ಆ ಕಾರ್ಖಾನೆಯ ಸೇಲ್ಸ್ ಮ್ಯಾನೇಜರ್‌ಗೆ ಡ್ರೈವರ್ ಆಗಿದ್ದರು. 1927ರಲ್ಲಿ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕ್ ಶುರುವಾದಾಗ ಆ ಸಮಾರಂಭ ನೋಡುವ ಭಾಗ್ಯ ಈ ಹುಡುಗನಿಗೆ ಸಿಕ್ಕಿತು. ಆಗ ಇನ್ನೂ ಎಂಟು ತುಂಬಿರಲಿಲ್ಲ. ಎಂಜಿನ್ ಹುಚ್ಚು ಹಿಡಿದದ್ದು ಅವತ್ತೇ ಅಂತ ಮುಂದೆ ಅವರೇ ನೆನೆಸಿಕೊಳ್ಳುತ್ತಿದ್ದರಂತೆ. ದೊಡ್ಡವನಾದ ಮೇಲೆ ಹತ್ತಿರದ ಕೆಮ್ನಿಟ್ಸ್ ನಗರದಲ್ಲಿ ಎಂಜಿನಿಯರಿಂಗ್ ಓದಿದರು.

ಕೆಮ್ನಿಟ್ಸ್ ಎಲ್ಲೋ ದೂರದ ಊರು ಅಂದುಕೋಬೇಡಿ, ನಮ್ಮ ಮೈಸೂರಿಗೂ ಅದಕ್ಕೂ ಒಂದು ನಂಟು ಇದೆ. ಜಾವಾ ಎಂಬ ಹೆಸರಿನಲ್ಲಿ ಮೊದಲ ಅರ್ಧ ಯಾನೆಚೆಕ್ ಎಂಬ ಪ್ರಾಗ್ ಉದ್ಯಮಿಯದು, ಉಳಿದ ಅರ್ಧ ವಾಂಡರರ್ ಎಂಬ ಕಂಪನಿಯದು. ಆ ವಾಂಡರರ್ ಕೆಮ್ನಿಟ್ಸ್‌ನ ಕಂಪನಿ. ಅದರ ಮೋಟಾರ್‌ಸೈಕಲ್ ವಿಭಾಗವನ್ನು ಕೊಂಡುಕೊಂಡು 1929ರಲ್ಲಿ ಜಾವಾ ಶುರುವಾಯಿತು. ಮುಂದೆ 1961ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಜಯಚಾಮರಾಜ ಒಡೆಯರ್ ಉದ್ಘಾಟಿಸಿದರು. ನಮ್ಮ ತಾತಂದಿರು ಓಡಿಸಿದ ಗಾಡಿಯ ಹೆಸರಿನಲ್ಲೇ ಕಾಡೆನ್ ಓದಿದ ಊರಿನ ಒಂದು ಚೂರು ಇತ್ತು. 1961 ಅನ್ನೋ ಇಸವಿ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1940ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಕಾಡೆನ್ ಬರ್ಲಿನ್ ಬಳಿಯ ಹೆನ್ಶೆಲ್ ವಿಮಾನ ಕಾರ್ಖಾನೆ ಸೇರಿದರು. ಅಲ್ಲಿ ಹರ್ಬರ್ಟ್ ವಾಗ್ನರ್ ಎಂಬ ಎಂಜಿನಿಯರ್ ಕೈಕೆಳಗೆ, ವಿಮಾನದಿಂದ ಬಿಟ್ಟು ರೇಡಿಯೋ ಮೂಲಕ ನಡೆಸುವ ಹೆಚ್‌ಎಸ್ 293 ಎಂಬ ಬಾಂಬಿನ ಕೆಲಸ ಮಾಡಿದರು. ಅದು ನಾಜಿ ಸರ್ಕಾರದ ಅಸ್ತ್ರ, ಹಡಗುಗಳನ್ನು ಮುಳುಗಿಸಿ ಜನರನ್ನು ಕೊಂದದ್ದು. ಅವರ ಬಗ್ಗೆ ಹೊಗಳಿ ಬರೆಯುವಾಗ ಇದನ್ನು ಬಿಟ್ಟುಬಿಡುವುದು ಸರಿ ಅಲ್ಲ ಅಂತ ನಮಗೆ ಅನಿಸಿತು. ಒಳ್ಳೇ ಎಂಜಿನಿಯರ್ ಆಗುವುದೂ ಒಳ್ಳೇ ಕೆಲಸಕ್ಕೆ ಎಂಜಿನಿಯರ್ ಆಗುವುದೂ ಬೇರೆ ಬೇರೆ.

ಯುದ್ಧ ಮುಗಿದಮೇಲೆ ಅಮೆರಿಕನ್ನರು ಅವರನ್ನು ಸ್ವಲ್ಪ ಕಾಲ ಹಿಡಿದಿಟ್ಟು ಬಿಟ್ಟರು. ಊರಿಗೆ ವಾಪಸ್ ಬಂದರೆ ಚೋಪಾವ್ ಸೋವಿಯತ್ ಹಿಡಿತದಲ್ಲಿತ್ತು. ಯುದ್ಧಪರಿಹಾರ ಅಂತ ಕಾರ್ಖಾನೆಯ ಯಂತ್ರಗಳನ್ನು ಬಿಚ್ಚಿ ಸಾಗಿಸಿದ್ದರು. ವಿಮಾನದ ಎಂಜಿನಿಯರ್ ಆಗಿದ್ದವರು ಮನೆಗಳ ಮಾಡಿಗೆ ಮರದ ಚೌಕಟ್ಟು ಮಾಡುವ ವ್ಯಾಪಾರ ಶುರು ಮಾಡಿದರು. ಜೊತೆಗೆ ಡಿಕೆಡಬ್ಲ್ಯು ಆರ್‌ಟಿ 125 ಗಾಡಿಯನ್ನು ತಾವೇ ತಿದ್ದಿ ತೀಡಿ ರೇಸ್ ಬೈಕ್ ಮಾಡಿ ಓಡಿಸತೊಡಗಿದರು. ಅದು ಚೆನ್ನಾಗಿಯೇ ಓಡಿತು. 1953ರಲ್ಲಿ ಚೋಪಾವ್ ಕಾರ್ಖಾನೆಯವರು ಅವರನ್ನು ಕರೆದು ರೇಸಿಂಗ್ ವಿಭಾಗ ಒಪ್ಪಿಸಿದರು. ಈ ಹೊತ್ತಿಗೆ ಅದು ಪೂರ್ವ ಜರ್ಮನಿಯ ಸರ್ಕಾರಿ ಕಾರ್ಖಾನೆ. ಎಂಜೆಡ್ ಅಂತ ಜಗತ್ತಿಗೆ ಗೊತ್ತಾಗಿದ್ದು ಆಮೇಲೆ.

ಶಬ್ದವೇ ವಾಲ್ವ್

ಆಗಿನ ಗ್ರ್ಯಾನ್ ಪ್ರೀ ರೇಸಿನಲ್ಲಿ ಇಟಲಿಯ ಫೋರ್-ಸ್ಟ್ರೋಕ್‌ಗಳದ್ದೇ ರಾಜ್ಯ. ಟೂ-ಸ್ಟ್ರೋಕ್ ಅಂದ್ರೆ ಹೊಗೆ ಬಿಡೋ ಬಡವರ ಗಾಡಿ ಅಂತ ಲೆಕ್ಕ. ಇದಕ್ಕೆ ಕಾರಣವೂ ಇತ್ತು. ಟೂ-ಸ್ಟ್ರೋಕ್‌ನಲ್ಲಿ ಹಳೇ ಹೊಗೆ ಹೊರಗೆ ಹೋಗುವುದೂ ಹೊಸ ಪೆಟ್ರೋಲ್-ಗಾಳಿ ಒಳಗೆ ಬರುವುದೂ ಒಂದೇ ಹೊತ್ತಿನಲ್ಲಿ. ಪಿಸ್ಟನ್ ಮೇಲೆ ಬರುವಾಗ ಮೊದಲು ಒಳಬರುವ ಪೋರ್ಟ್ ಮುಚ್ಚುತ್ತದೆ, ಎಕ್ಸಾಸ್ಟ್ ಇನ್ನೂ ತೆರೆದೇ ಇರುತ್ತದೆ. ಆ ಗ್ಯಾಪಿನಲ್ಲಿ ದುಡ್ಡು ಕೊಟ್ಟು ತಂದ ಪೆಟ್ರೋಲ್ ಸುಮ್ಮನೆ ಸೈಲೆನ್ಸರ್ ಕಡೆ ಹೋಗಿಬಿಡುತ್ತದೆ. ಬಾಗಿಲು ಕಾಯುವವರು ಯಾರೂ ಇಲ್ಲ.

ಕಾಡೆನ್ ಆ ಕಾವಲಿಗೆ ಲೋಹದ ತುಂಡು ಹಾಕಲಿಲ್ಲ, ಶಬ್ದವನ್ನು ನಿಲ್ಲಿಸಿದರು. ಎಕ್ಸಾಸ್ಟ್ ಪೋರ್ಟ್ ತೆರೆದ ತಕ್ಷಣ ಒಂದು ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಪೈಪ್ ಅಗಲವಾಗುತ್ತಾ ಹೋದರೆ ಅಲ್ಲಿಂದ ಒಂದು ಎಳೆಯುವ ಅಲೆ ಹಿಂದಕ್ಕೆ ಬರುತ್ತದೆ, ಸಿಲಿಂಡರಿನ ಹೊಗೆಯನ್ನು ಹೀರುತ್ತದೆ. ಮುಂದೆ ಪೈಪ್ ಮತ್ತೆ ಕಿರಿದಾದರೆ ಅಲ್ಲಿಂದ ಒಂದು ತಳ್ಳುವ ಅಲೆ ವಾಪಸ್ ಬರುತ್ತದೆ. ಈ ತಳ್ಳುವ ಅಲೆ ಪೋರ್ಟ್ ಮುಚ್ಚುವ ಸ್ವಲ್ಪ ಮೊದಲು ಬಂದು ತಲುಪಿದರೆ, ಹೊರಗೆ ಓಡಿಹೋಗುತ್ತಿದ್ದ ಹೊಸ ಪೆಟ್ರೋಲ್-ಗಾಳಿಯನ್ನು ಮತ್ತೆ ಸಿಲಿಂಡರಿಗೆ ದೂಡುತ್ತದೆ. ಪಿಸ್ಟನ್ ತಕ್ಷಣ ಬಾಗಿಲು ಹಾಕುತ್ತದೆ. ನಡುವೆ ಹೊಟ್ಟೆ ಉಬ್ಬಿದ, ಎರಡೂ ತುದಿ ಸಣ್ಣಗಿರುವ ಆ ಪೈಪಿಗೆ ಎಕ್ಸ್‌ಪ್ಯಾನ್ಷನ್ ಚೇಂಬರ್ ಅಂತಾರೆ. ಮಾಗಡಿ ರೋಡಿನಲ್ಲಿ ಕಿವಿ ತೂತಾಗೋ ಹಾಗೆ ಹೋಗುವ ಆರ್‌ಎಕ್ಸ್‌ಗಳಿಗೆ ಹುಡುಗರು ಹಾಕಿಸಿಕೊಳ್ಳುವುದು ಇದರ ಮೊಮ್ಮಗನನ್ನೇ.

ಒಂದು ಅಂದಾಜು ಲೆಕ್ಕ ಮಾಡಿ ನೋಡೋಣ. ಎಂಜಿನ್ ನಿಮಿಷಕ್ಕೆ 10,800 ಸುತ್ತು ತಿರುಗುತ್ತಿದೆ ಅಂದ್ರೆ ಒಂದು ಸುತ್ತಿಗೆ ಸುಮಾರು 5.6 ಮಿಲಿಸೆಕೆಂಡ್. ಎಕ್ಸಾಸ್ಟ್ ಪೋರ್ಟ್ 190 ಡಿಗ್ರಿಯಷ್ಟು ತೆರೆದಿರುತ್ತದೆ ಅಂತಿಟ್ಟುಕೊಂಡರೆ ಸಿಗುವ ಸಮಯ 2.9 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಅಲೆಯ ವೇಗ ಸೆಕೆಂಡಿಗೆ 500 ಮೀಟರ್ ಅಂತ ಹಿಡಿದರೆ, ಅಷ್ಟರಲ್ಲಿ ಅದು ಓಡುವ ದೂರ ಸುಮಾರು ಒಂದೂವರೆ ಮೀಟರ್. ಹೋಗಿ ಬರಬೇಕಲ್ಲ, ಹಾಗಾಗಿ ಪೈಪಿನ ಉದ್ದ ಅದರ ಅರ್ಧ, ಎಪ್ಪತ್ತು ಸೆಂಟಿಮೀಟರಿನ ಆಸುಪಾಸು. ಈಗ ಎಂಜಿನ್ ಸ್ಪೀಡ್ ಅರ್ಧಕ್ಕೆ ಇಳಿಸಿ. ಪೋರ್ಟ್ ಎರಡರಷ್ಟು ಹೊತ್ತು ತೆರೆದಿರುತ್ತದೆ, ಅಲೆ ಮಾತ್ರ ಅದೇ 2.9 ಮಿಲಿಸೆಕೆಂಡಿಗೆ ವಾಪಸ್ ಬಂದುಬಿಡುತ್ತದೆ. ಕಾವಲುಗಾರ ಮಧ್ಯಾಹ್ನಕ್ಕೇ ಡ್ಯೂಟಿ ಮುಗಿಸಿ ಮನೆಗೆ ಹೋದ ಹಾಗೆ. ಅದಕ್ಕೇ ಇಂಥ ಎಂಜಿನ್ ಒಂದು ಸ್ಪೀಡಿನ ತನಕ ಸತ್ತ ಹಾಗಿದ್ದು, ಆಮೇಲೆ ಒಮ್ಮೆಲೇ ಪಿಕಪ್ ತಗೊಂಡು ನುಗ್ಗುತ್ತದೆ. ಆ ಸತ್ತ ಭಾಗಕ್ಕೆ ಜೀವ ಕೊಡಲಿಕ್ಕೆ ಪೋರ್ಟಿನ ಎತ್ತರವನ್ನೇ ಕಡಿಮೆ ಮಾಡಿದರೆ ಹೇಗೆ ಅಂತ 1970ರ ದಶಕದ ಕೊನೆಯಲ್ಲಿ ಯಮಹಾ ರೇಸ್ ಬೈಕುಗಳಲ್ಲಿ ವಾಲ್ವ್ ಬಂತು. ಆಮೇಲೆ ರೋಟ್ಯಾಕ್ಸ್‌ನವರು ತಮ್ಮದೇ ರೀತಿಯಲ್ಲಿ ಮಾಡಿದರು. ನಾವು ಮೂರು ಸಂಜೆ ಉಜ್ಜಿದ ಬ್ಲೇಡಿನ ಹಿನ್ನೆಲೆ ಇಷ್ಟು.

ಎಕ್ಸ್‌ಪ್ಯಾನ್ಷನ್ ಚೇಂಬರ್ ಕಾಡೆನ್ ಒಬ್ಬರ ತಲೆಯಿಂದಲೇ ಹುಟ್ಟಿದ್ದಲ್ಲ. ಪಶ್ಚಿಮ ಜರ್ಮನಿಯ ಡಿಕೆಡಬ್ಲ್ಯುನಲ್ಲಿ ಎರಿಕ್ ವುಲ್ಫ್ ಎಂಬವರು ಮೊದಲೇ ಅಂಥ ಪೈಪ್ ಹಾಕಿದ್ದರು. ಪೆಟ್ರೋಲ್-ಗಾಳಿ ಒಳಬರುವ ಕಡೆ ಕಾಡೆನ್ ಬಳಸಿದ ತಿರುಗುವ ಡಿಸ್ಕ್ ವಾಲ್ವನ್ನು ಡೇನಿಯಲ್ ಜಿಮ್ಮರ್‌ಮನ್ ಎಂಬ ಇನ್ನೊಬ್ಬ ರೇಸ್ ಹುಚ್ಚಿನವರು ಮಾಡಿದ್ದರು. ಕಾಡೆನ್ ದೊಡ್ಡತನ ಇರುವುದು ಅಳತೆಯಲ್ಲಿ. ಅವರು ಆಸಿಲೋಸ್ಕೋಪ್ ಇಟ್ಟು ಪೈಪಿನೊಳಗಿನ ಅಲೆಗಳನ್ನು ನೋಡಿದರು. ನಮ್ಮ ಇಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಧೂಳು ತಿನ್ನುತ್ತಾ ಇರುತ್ತಲ್ಲ, ಅದೇ ಯಂತ್ರ. ಪೈಪ್ ಕತ್ತರಿಸು, ವೆಲ್ಡ್ ಮಾಡು, ಓಡಿಸು, ಅಲೆ ನೋಡು, ಮತ್ತೆ ಕತ್ತರಿಸು. ದುಡ್ಡಿಲ್ಲ, ಒಳ್ಳೇ ಲೋಹ ಸಿಗಲ್ಲ, ಕಾರ್ಖಾನೆ ಬಡವಾಗಿದೆ. ಆದರೂ ಬಿಡಲಿಲ್ಲ.

ಫಲ ನಿಧಾನಕ್ಕೆ ಬಂತು. 1958ರಲ್ಲಿ ಹಾರ್ಸ್ಟ್ ಫ್ಯೂಗ್ನರ್ ಎಂಜೆಡ್ ಓಡಿಸಿ ಸ್ವೀಡನ್ನಿನ 250 ಸಿಸಿ ರೇಸ್ ಗೆದ್ದರು. 1959ರಲ್ಲಿ ಎರ್ನ್ಸ್ಟ್ ಡೆಗ್ನರ್ ಇಟಲಿಯವರ ಮನೆಯಂಗಳವಾದ ಮೊಂಜಾದಲ್ಲೇ 125 ಸಿಸಿ ರೇಸ್ ಗೆದ್ದರು. 1961ರ ಹೊತ್ತಿಗೆ ಕಾಡೆನ್ ಅವರ 125 ಸಿಸಿ ಎಂಜಿನ್ 10,800 ಸುತ್ತಿನಲ್ಲಿ 25 ಹಾರ್ಸ್‌ಪವರ್ ಕೊಡುತ್ತಿತ್ತು. ಲೀಟರಿಗೆ ಲೆಕ್ಕ ಹಾಕಿದರೆ 200. ಸೂಪರ್‌ಚಾರ್ಜರ್ ಇಲ್ಲದೆ ಇಷ್ಟು ಮುಟ್ಟಿದ ಮೊದಲ ಎಂಜಿನ್ ಅದು. ಅದಾಗಿ ಇಪ್ಪತ್ತನಾಲ್ಕು ವರ್ಷದ ನಂತರ ಬಂದ ನಮ್ಮೆಲ್ಲರ ಆರಾಧ್ಯ ದೈವ ಆರ್‌ಎಕ್ಸ್ 100 ಕೊಡುತ್ತಿದ್ದದ್ದು 98 ಸಿಸಿಗೆ 11 ಹಾರ್ಸ್‌ಪವರ್. ಅದು ರೋಡ್ ಗಾಡಿ, ಇದು ರೇಸ್ ಗಾಡಿ, ಹೋಲಿಸುವುದು ಅಷ್ಟು ಸರಿ ಅಲ್ಲ. ಆದರೂ ಅಂದಾಜು ಸಿಗಲಿ ಅಂತ ಹೇಳಿದೆವು.

1961

ಆ ವರ್ಷ ಡೆಗ್ನರ್ ವಿಶ್ವ ಚಾಂಪಿಯನ್ ಆಗುವ ಹತ್ತಿರದಲ್ಲಿದ್ದರು. ಅವರು ಬರೀ ರೈಡರ್ ಆಗಿರಲಿಲ್ಲ. ಸ್ವತಃ ಎಂಜಿನಿಯರ್, ಕಾಡೆನ್ ಜೊತೆ ಕೂತು ಎಂಜಿನ್ ಟ್ಯೂನ್ ಮಾಡುತ್ತಿದ್ದವರು. ಪೈಪಿನ ಗುಟ್ಟೆಲ್ಲ ಅವರಿಗೆ ಗೊತ್ತಿತ್ತು. ಆಗಸ್ಟ್ 13ಕ್ಕೆ ಬರ್ಲಿನ್ ಗೋಡೆ ಎದ್ದಿತು. ಪೂರ್ವದಿಂದ ಪಶ್ಚಿಮಕ್ಕೆ ಹೋಗುವ ದಾರಿಗೆಲ್ಲ ಬಂದೂಕಿನ ಕಾವಲು ಬಿತ್ತು.

ಸೆಪ್ಟೆಂಬರ್ 17ರಂದು ಸ್ವೀಡನ್ನಿನ ಕ್ರಿಸ್ಟಿಯನ್‌ಸ್ಟಾಡ್‌ನಲ್ಲಿ ರೇಸ್. ಅದೇ ಸಮಯಕ್ಕೆ ಡೆಗ್ನರ್ ಅವರ ಹೆಂಡತಿ ಮಕ್ಕಳನ್ನು ಕಾರಿನ ಡಿಕ್ಕಿಯಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ರೇಸಿನಲ್ಲಿ ಡೆಗ್ನರ್ ಬೈಕಿನ ಎಂಜಿನ್ ಬೇಗ ಕೈಕೊಟ್ಟಿತು. ಅವರು ಟೀಮ್ ಜೊತೆ ವಾಪಸ್ ಹೋಗಲಿಲ್ಲ. ಪಶ್ಚಿಮಕ್ಕೆ ಹೋದರು, ಅಲ್ಲಿಂದ ಜಪಾನಿಗೆ, ಸುಜುಕಿ ಕಂಪನಿಗೆ. ಕಾಡೆನ್ ಅವರ ಏಳೆಂಟು ವರ್ಷದ ಅಳತೆಗಳು ಅವರ ತಲೆಯಲ್ಲಿ ಇದ್ದವು. ಬಿಡಿಭಾಗಗಳನ್ನೂ ಒಯ್ದಿದ್ದರು ಅಂತ ಹೇಳುತ್ತಾರೆ.

ಅದಕ್ಕೂ ಮೊದಲು, 1960 ಮತ್ತು 61ರಲ್ಲಿ, ಸುಜುಕಿ ರೇಸಿನಲ್ಲಿ ಎಲ್ಲೋ ಹಿಂದೆ ಇತ್ತು. 1962ರಲ್ಲಿ ಡೆಗ್ನರ್ ಸುಜುಕಿ ಓಡಿಸಿ 50 ಸಿಸಿ ವಿಶ್ವ ಚಾಂಪಿಯನ್ ಆದರು. ಟೂ-ಸ್ಟ್ರೋಕ್ ಎಂಜಿನ್ನಿಗೆ ಸಿಕ್ಕ ಮೊದಲ ವಿಶ್ವ ಪಟ್ಟ ಅದು. ಟೂ-ಸ್ಟ್ರೋಕ್‌ಗೆ ಉಸಿರು ಕೊಟ್ಟ ಕಾಡೆನ್ ಅವರ ಪಾಲಿಗೆ ಬರಲಿಲ್ಲ, ಆಗಲೂ ಇಲ್ಲ, ಮುಂದೆಯೂ ಇಲ್ಲ. 1961ರ ಪಟ್ಟ ಹೋಂಡಾದ ಟಾಮ್ ಫಿಲಿಸ್ ಪಾಲಾಯಿತು.

ಡೆಗ್ನರ್ ಬಗ್ಗೆ ಓದಿದಾಗ ನಮಗೆ ಮೊದಲು ಬಂದದ್ದು ಸಿಟ್ಟು. ಯಾಕೆ ಅಂದ್ರೆ ಅದೇ ವಾರ ನಮ್ಮ ನೋಟ್‌ಬುಕ್ಕಿನ ಗಲಾಟೆ ಆಗಿತ್ತು. ನಮ್ಮ ಜೊತೆ ಗ್ಯಾರೇಜಿಗೆ ಎರಡು ದಿನ ಬಂದಿದ್ದ ಗೆಳೆಯನೊಬ್ಬ ನಮ್ಮ ಅಳತೆಯ ಪುಟಗಳ ಫೋಟೋ ಹೊಡೆದುಕೊಂಡು, ನೀಟಾಗಿ ಟೈಪ್ ಮಾಡಿ, ಒಂದು ಸ್ಪರ್ಧೆಗೆ ತನ್ನ ಹೆಸರಲ್ಲಿ ಕಳಿಸಿದ್ದ. ಬಹುಮಾನವೂ ಬಂತು. ನಮ್ಮ ಮೂರು ಸಂಜೆಯ ಅರದ ಕೆಲಸ, ಅವನ ಸರ್ಟಿಫಿಕೇಟು. ಮಾತು ಬಿಟ್ಟೆವು. ಕಾಡೆನ್ ಕಥೆ ನಮ್ಮದೇ ಕಥೆ ಅನ್ನಿಸಿತು.

ಆದರೆ ಪೂರ್ತಿ ಓದಿದ ಮೇಲೆ ವಿಷಯ ಅಷ್ಟು ಸೀದಾ ಇಲ್ಲ ಅಂತ ಗೊತ್ತಾಯಿತು. ಡೆಗ್ನರ್‌ಗೆ ಬೇಕಿದ್ದದ್ದು ಗೋಡೆಯಿಲ್ಲದ ಊರಿನಲ್ಲಿ ಹೆಂಡತಿ ಮಕ್ಕಳ ಜೊತೆ ಬದುಕುವುದು. ಅದು ತಪ್ಪು ಅಂತ ಹೇಳಲು ನಾವು ಯಾರು? ಮುಂದೆ ಅವರೂ ಸುಖವಾಗಿ ಇರಲಿಲ್ಲ. 1963ರಲ್ಲಿ ಸುಜುಕಾ ಟ್ರ್ಯಾಕಿನಲ್ಲಿ ಬಿದ್ದು, ಬೆಂಕಿ ಹತ್ತಿ ಭಯಂಕರ ಸುಟ್ಟಗಾಯ ಆಯಿತು. 1983ರಲ್ಲಿ ತೀರಿಕೊಂಡರು. ಸುಜುಕಾದ ಒಂದು ತಿರುವಿಗೆ ಇವತ್ತಿಗೂ ಡೆಗ್ನರ್ ಹೆಸರಿದೆ, ಎಫ್1 ನೋಡುವವರು ದಿನಾ ಕೇಳಿರುತ್ತೀರಿ. ಗುಟ್ಟು ಒಯ್ದವರ ಹೆಸರು ಟ್ರ್ಯಾಕಿನ ಮೇಲೆ ಉಳಿಯಿತು. ಗುಟ್ಟು ಕಂಡುಹಿಡಿದವರ ಹೆಸರು ನಮ್ಮಂಥವರು ಹುಡುಕಿದರೆ ಮಾತ್ರ ಸಿಗುತ್ತೆ.

ಇನ್ನೊಂದು ಕಡೆಯಿಂದಲೂ ನೋಡಿ. ಕಾಡೆನ್ ಮೊದಲು ತಿದ್ದಿದ ಆರ್‌ಟಿ 125 ಗಾಡಿಯನ್ನು ಯುದ್ಧದ ನಂತರ ಇಂಗ್ಲೆಂಡಿನ ಬಿಎಸ್‌ಎ, ಅಮೆರಿಕದ ಹಾರ್ಲೆ, ಎಲ್ಲರೂ ನಕಲು ಮಾಡಿದರು. 1955ರಲ್ಲಿ ಬಂದ ಯಮಹಾದ ಮೊಟ್ಟಮೊದಲ ಮೋಟಾರ್‌ಸೈಕಲ್ ವೈಎ-1 ಕೂಡ ಅದರ ನಕಲೇ. ಚೋಪಾವ್‌ನ ವಿದ್ಯೆ ಯಮಹಾಗೆ ಹೋಯಿತು, ಡೆಗ್ನರ್ ಮೂಲಕ ಸುಜುಕಿಗೆ ಹೋಯಿತು. ಸುಜುಕಿ ಜೊತೆ ಸೇರಿ ಟಿವಿಎಸ್‌ನವರು 1984ರಲ್ಲಿ ನಮ್ಮ ಪಕ್ಕದ ಹೊಸೂರಿನಲ್ಲಿ ಎಎಕ್ಸ್ 100 ಮಾಡಿದರು. 1985ರಲ್ಲಿ ಆರ್‌ಎಕ್ಸ್ 100 ಬಂತು. ವಿದ್ಯೆ ಗಡಿ ದಾಟದೇ ಇದ್ದಿದ್ದರೆ ಶ್ರೀಗಂಧದ ಕಾವಲ್‌ನ ಅಣ್ಣನ ಗ್ಯಾರೇಜು ಇರುತ್ತಿತ್ತೋ ಇಲ್ಲವೋ.

ಉಳಿದವರು

ಕಾಡೆನ್ ಎಲ್ಲೂ ಹೋಗಲಿಲ್ಲ. ಚೋಪಾವ್‌ನಲ್ಲೇ ಉಳಿದು ಕೆಲಸ ಮುಂದುವರಿಸಿದರು. ತಾವೇ ಕಂಡುಹಿಡಿದದ್ದನ್ನು ಹಿಡಿದುಕೊಂಡು ಜಪಾನಿನವರು ದೊಡ್ಡ ಬಜೆಟ್ಟಿನಲ್ಲಿ ಎದುರು ನಿಂತಿದ್ದರು. ಆದರೂ 1963ರಲ್ಲಿ ಮೈಕ್ ಹೇಲ್‌ವುಡ್ ಎಂಜೆಡ್ ಓಡಿಸಿ ಪೂರ್ವ ಜರ್ಮನಿಯ ಜಾಕ್ಸನ್‌ರಿಂಗ್‌ನಲ್ಲಿ, ಕಾಡೆನ್ ಅವರ ತವರಿನಲ್ಲೇ, 250 ಸಿಸಿ ರೇಸ್ ಗೆದ್ದರು. 1964ರಲ್ಲಿ ಅಲನ್ ಶೆಫರ್ಡ್ ಅಮೆರಿಕದ ಡೇಟೋನಾದಲ್ಲಿ ಗೆದ್ದರು. 1976ರವರೆಗೆ ಕಾಡೆನ್ ಎಂಜಿನ್ನುಗಳು 13 ಗ್ರ್ಯಾನ್ ಪ್ರೀ ಗೆದ್ದವು, 105 ಸಲ ಮೊದಲ ಮೂರರಲ್ಲಿ ನಿಂತವು. ವಿಶ್ವ ಪಟ್ಟ ಒಂದೂ ಇಲ್ಲ. ಆದರೆ 1970ರ ದಶಕದ ನಡುವಿನಿಂದ 2001ರ ತನಕ 500 ಸಿಸಿ ವಿಶ್ವ ಪಟ್ಟ ಗೆದ್ದದ್ದೆಲ್ಲ ಟೂ-ಸ್ಟ್ರೋಕ್‌ಗಳೇ, ಎಲ್ಲದರ ಹೊಟ್ಟೆ ಕೆಳಗೂ ಕಾಡೆನ್ ಪೈಪೇ.

ಬರ್ಲಿನ್ ಗೋಡೆ ಬಿದ್ದು, ಎರಡು ಜರ್ಮನಿ ಒಂದಾಗುವುದನ್ನು ಅವರು ಕಣ್ಣಾರೆ ನೋಡಿದರು. 1996ರ ಮಾರ್ಚ್ 3ರಂದು ತೀರಿಕೊಂಡರು, 76 ವರ್ಷ. ಅದೇ 1996ರಲ್ಲಿ ಮೈಸೂರಿನ ಐಡಿಯಲ್ ಜಾವಾ ಬಾಗಿಲು ಹಾಕಿತು. ಅದೇ ವರ್ಷ ಆರ್‌ಎಕ್ಸ್ 100 ತಯಾರಿಕೆಯೂ ನಿಂತಿತು. ಒಂದಕ್ಕೊಂದು ಸಂಬಂಧ ಏನೂ ಇಲ್ಲ, ಬರೀ ಕಾಕತಾಳೀಯ. ನಾವು ಯಾರೂ ಆಗ ಹುಟ್ಟಿರಲಿಲ್ಲ.

ಮತ್ತೆ ನಮ್ಮ ಗ್ಯಾರೇಜಿಗೆ ಬರೋಣ. ಎಂಜಿನ್ ಕಟ್ಟಿದ್ದಾಯಿತು. ಮೊದಲ ಸಲ ಸ್ಟಾರ್ಟ್ ಆದಾಗ ಬ್ಲೇಡ್ ಎಲ್ಲೂ ತಾಗಲಿಲ್ಲ. ಸ್ಪೀಡ್ ಏರಿಸಿದಾಗ ವಾಲ್ವ್ ಎದ್ದ ಕ್ಷಣ ಶಬ್ದ ಬದಲಾಯಿತು, ಮೈ ಜುಮ್ ಅಂದಿತು. ಅಣ್ಣ ಟೀ ತರಿಸಿದರು. ಆಗ ನಾವು ಆ ಗೆಳೆಯನ ವಿಷಯ ಹೇಳಿಕೊಂಡು ಬೈದೆವು. ಅಣ್ಣ ಏನೂ ಹೇಳಲಿಲ್ಲ, ನಮ್ಮ ನೋಟ್‌ಬುಕ್ ಕೇಳಿ ತಗೊಂಡು ಪುಟ ತಿರುಗಿಸಿದರು, ಚೆನ್ನಾಗಿದೆ ಅಂತ ವಾಪಸ್ ಕೊಟ್ಟರು. ಅಷ್ಟೇ.

ಮನೆಗೆ ಬಂದು ನೋಡಿದಾಗ ಹೊಳೆಯಿತು. ಅದರ ಮೊದಲ ಪುಟದಲ್ಲಿ ನಮ್ಮ ಮೂರು ಜನರ ಹೆಸರು, ಯುಎಸ್‌ಎನ್ ಸಮೇತ, ದಪ್ಪಕ್ಷರದಲ್ಲಿ. ಮೂರು ಜಾಗದಲ್ಲಿ ಅಳೆಯಬೇಕು ಅಂತ ಹೇಳಿಕೊಟ್ಟವರ ಹೆಸರು ಎಲ್ಲೂ ಇಲ್ಲ. ಬೋರಿನ ಬಾಗಿಗೇ ಉಜ್ಜಬೇಕು ಅಂತ ನಮ್ಮ ಕೈ ಹಿಡಿದು ಅರ ಆಡಿಸಿದವರ ಹೆಸರು ಇಲ್ಲ. ಅವರು ತಡೆಯದಿದ್ದರೆ ಆ ಎಂಜಿನ್ ಮೊದಲ ದಿನವೇ ಒಡೆಯುತ್ತಿತ್ತು, ನೋಟ್‌ಬುಕ್ ಇರುತ್ತಲೇ ಇರಲಿಲ್ಲ. ಗೆಳೆಯ ನಮ್ಮ ಹೆಸರು ಬಿಟ್ಟ, ನಾವು ಅಣ್ಣನ ಹೆಸರು ಬಿಟ್ಟಿದ್ದೆವು.

ಈಗ ಮೊದಲ ಪುಟ ಬದಲಾಗಿದೆ. ಅಣ್ಣನ ಹೆಸರು ಮೇಲೆ, ನಮ್ಮದು ಕೆಳಗೆ. ಪತ್ರಿಕೆಯಲ್ಲಿ ಹೆಸರು ಹಾಕೋದು ಬೇಡ ಅಂತ ಅವರೇ ಹೇಳಿದ್ದಕ್ಕೆ ಇಲ್ಲಿ ಹಾಕಿಲ್ಲ. ಗೆಳೆಯನ ಜೊತೆ ಮಾತು ಶುರುವಾಗಿದೆ, ಆದರೆ ಅವನು ಸ್ಪರ್ಧೆಯವರಿಗೆ ಬರೆದು ನಮ್ಮ ಹೆಸರು ಸೇರಿಸುತ್ತಾನಾ ಅಂತ ಇನ್ನೂ ಕಾಯ್ತಿದ್ದೀವಿ. ಅದನ್ನು ಕೇಳುವ ಹಕ್ಕು ನಮಗೆ ಇದೆ ಅಂತಲೇ ನಮ್ಮ ನಂಬಿಕೆ. ವಿದ್ಯೆ ಗೋಡೆ ಹಾರಿ ಹೋಗಲಿ, ಅದು ಹೋಗಲೇಬೇಕು. ಹೋಗುವಾಗ ಹೆಸರನ್ನೂ ಜೊತೆಗೆ ಕರೆದುಕೊಂಡು ಹೋಗಲಿ.

ಮುಂದಿನ ಸಲ ಯಾವುದಾದರೂ ಹಳೇ ಆರ್‌ಎಕ್ಸ್ ಪಕ್ಕದಲ್ಲಿ ಕಿರುಚಿಕೊಂಡು ಹೋದಾಗ ಬೈಯುವ ಮುಂಚೆ ಒಂದು ಸಲ ವಾಲ್ಟರ್ ಕಾಡೆನ್ ಅಂತ ಹೇಳಿ. ಆಮೇಲೆ ಬೇಕಾದ್ರೆ ಬೈಯಿರಿ. ಯಾರ ಹತ್ತಿರವಾದ್ರೂ ರಿಪೇರಿಗೆ ಬಂದ ಟೂ-ಸ್ಟ್ರೋಕ್ ಇದ್ದರೆ ಹೇಳಿ, ಭಾನುವಾರ ಗ್ಯಾರೇಜಿಗೆ ಹೋಗ್ತಾ ಇರ್ತೀವಿ. ಫೀಲರ್ ಗೇಜ್ ನಮ್ಮ ಹತ್ತಿರ ಇದೆ.